ಶಾಯಿಯಲ್ಲಿ ಹರಿಯುವ ಕರೆಂಟು

ಬಾಗುವ, ಅಚ್ಚು ಹಾಕಿದ ಎಲೆಕ್ಟ್ರಾನಿಕ್ಸ್ ಎಂದರೆ ಎಲ್ಲೋ ದೂರದ ಪ್ರಯೋಗಾಲಯದ ಮಾತು ಅನ್ನಿಸಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಔಷಧಿ ಅಂಗಡಿಗಳಲ್ಲಿ ಅದು ಡಬ್ಬಿಗಟ್ಟಲೆ ಸಿಗುತ್ತದೆ: ಶುಗರ್ ನೋಡುವ ಸ್ಟ್ರಿಪ್. ಅವಧಿ ಮುಗಿದ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಮೀಟರಿಗೆ ಸಿಕ್ಕಿಸುವ ತುದಿಯಲ್ಲಿ ಕೆಲವು ಗೆರೆಗಳಿವೆ. ಅನೇಕ ಸ್ಟ್ರಿಪ್‌ಗಳಲ್ಲಿ ಅವು ಕಾರ್ಬನ್ ಅಥವಾ ಬೆಳ್ಳಿಯ ಶಾಯಿಯಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕಿದ ತಂತಿಗಳು. ಇನ್ನೊಂದು ತುದಿಯ ಸಣ್ಣ ಸೀಳು ರಕ್ತವನ್ನು ತಾನೇ ಹೀರಿಕೊಳ್ಳುತ್ತದೆ. ಅಲ್ಲಿ ಒಣಗಿಸಿಟ್ಟ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ಅವು ಗೆರೆಗಳ ಮೂಲಕ ಹರಿಯುತ್ತವೆ. ಸಕ್ಕರೆ ಹೆಚ್ಚಿದ್ದಷ್ಟೂ ಕರೆಂಟು ಹೆಚ್ಚು. ಮೀಟರ್ ಅಳೆಯುವುದು ಅದನ್ನೇ.

ಅಚ್ಚಿನ ವಿಧಾನ ಹಳೆಯದು. ಮದುವೆ ಕಾಗದಕ್ಕೆ ಮಾಡುವ ಸ್ಕ್ರೀನ್ ಪ್ರಿಂಟಿಂಗೇ: ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಮೇಲೆ ಶಾಯಿ, ರಬ್ಬರ್ ಪಟ್ಟಿಯಿಂದ ಒಂದು ಎಳೆತ. ಹೊಸತನವಿರುವುದು ಶಾಯಿಯಲ್ಲಿ. ಬೆಳ್ಳಿ ಕರಗಲು 962 ಡಿಗ್ರಿ ಸೆಲ್ಸಿಯಸ್ ಬೇಕು. ಆ ಕಾವಿಗೆ ಪ್ಲಾಸ್ಟಿಕ್ ಉಳಿದೀತೇ? ಅದೇ ಬೆಳ್ಳಿಯನ್ನು ನ್ಯಾನೋ ಕಣಗಳಾಗಿಸಿದರೆ ಸುಮಾರು 150 ಡಿಗ್ರಿಯಲ್ಲೇ ಕಣಕ್ಕೆ ಕಣ ಬೆಸೆದುಕೊಳ್ಳುತ್ತದೆ. ಇನ್ನೊಂದು ದಾರಿ ವಿದ್ಯುತ್ ಹರಿಸುವ ಪ್ಲಾಸ್ಟಿಕ್. 1977ರಲ್ಲಿ ಅದನ್ನು ತೋರಿಸಿಕೊಟ್ಟ ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಕಾವಾ ಅವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ನವಕಾಂತ ಭಟ್ ಅವರ ತಂಡದ ಕೆಲಸದಿಂದ ಹುಟ್ಟಿದ ಪಾಥ್‌ಶೋಧ್ ಕಂಪನಿ, ಗ್ಲೂಕೋಸ್ ಮಾತ್ರವಲ್ಲದೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿಯನ್ನೂ ಸ್ಟ್ರಿಪ್‌ನಲ್ಲೇ ಅಳೆಯುವ ಪುಟ್ಟ ಉಪಕರಣ ತಂದಿದೆ.

ನಮ್ಮ ಕಡೆ ಇಂಥ ಅಚ್ಚಿನ ಎಲೆಕ್ಟ್ರಾನಿಕ್ಸಿನ ನಿಜವಾದ ಉಪಯೋಗ ಅಡಿಕೆ ತೋಟದಲ್ಲಿದೆ ಎಂಬುದು ನನ್ನ ಎಣಿಕೆ. ಕೊಳೆರೋಗ ಹಬ್ಬಲು ನೀರು ಬೇಕು. ಎಷ್ಟು ಇಂಚು ಮಳೆ ಬಿತ್ತು ಎಂಬುದನ್ನು ಮಳೆಮಾಪಕ ಹೇಳೀತು. ಅಡಿಕೆ ಕೊನೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದನ್ನು ಹೇಳದು. ಅದಕ್ಕೆ ಎಲೆಯ ಒದ್ದೆ ಅಳೆಯುವ ಸೆನ್ಸರ್ ಇದೆ. ಎರಡು ಬಾಚಣಿಗೆಗಳ ಹಲ್ಲು ಒಂದಕ್ಕೊಂದು ತಾಗದೆ ನಡುನಡುವೆ ಹೊಕ್ಕಂತೆ ಅದರ ಗೆರೆಗಳಿರುತ್ತವೆ. ಹಲ್ಲುಗಳ ಮೇಲೆ ನೀರಿನ ಪೊರೆ ಕೂತೊಡನೆ ವಿದ್ಯುತ್ ಲೆಕ್ಕ ಬದಲಾಗುತ್ತದೆ. ತೆಳು ಹಾಳೆಯ ಮೇಲೆ ಅಚ್ಚು ಹಾಕಿದ್ದಾದರೆ ಕೊನೆಯ ಪಕ್ಕದಲ್ಲೇ ಸುತ್ತಿ ಕಟ್ಟಬಹುದು.

ತೊಡಕು ನಮ್ಮ ಮಳೆಯದ್ದೇ. ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿಲಿಮೀಟರ್ ಮೀರುತ್ತದೆ. ತೇವ ಒಳಹೊಕ್ಕರೆ ಬೆಳ್ಳಿ ಒಂದು ಗೆರೆಯಿಂದ ಇನ್ನೊಂದಕ್ಕೆ ಮೆಲ್ಲಗೆ ಬೆಳೆದು ಶಾರ್ಟ್ ಆಗುತ್ತದೆ. ಹಾಗಾಗಿ ಗೆರೆಗಳ ಮೇಲೆ ನೀರು ಹೊಗದ ಲೇಪ ಕೊಟ್ಟು, ಆ ಲೇಪದ ಹೊರಗಿನ ನೀರನ್ನು ಅಳೆಯಬೇಕು. ಇಷ್ಟಾದರೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ ಅದರ ಮೈಲುತುತ್ತ, ಸುಣ್ಣ ಸೆನ್ಸರಿನ ಹಾಳೆಯ ಮೇಲೂ ಕೂತು ಲೆಕ್ಕ ತಪ್ಪಿಸುತ್ತವೆ. ಮರ ಹತ್ತಿದ ಕೊನೆಗಾರ ಅದನ್ನೂ ಒರೆಸಿ ಇಳಿಯಬಹುದು. ದೋಟಿಯಲ್ಲಿ ಹೊಡೆಯುವವರಿಗೆ ಆ ಅನುಕೂಲವಿಲ್ಲ.