ಗೊದಮೊಟ್ಟೆಯ ರಕ್ತ, ಕಪ್ಪೆಯ ರಕ್ತ

ಗೊದಮೊಟ್ಟೆಯು ಕಪ್ಪೆಯಾಗುವಾಗ ಕಾಲುಗಳು ಮೂಡುತ್ತವೆ, ಬಾಲ ಕರಗುತ್ತದೆ, ಕಿವಿರುಗಳು ಅಳಿದು ಶ್ವಾಸಕೋಶಗಳು ಪ್ರಧಾನವಾಗುತ್ತವೆ. ಇವನ್ನು ನಾವೆಲ್ಲರೂ ಬಲ್ಲೆವು. ಆದರೆ ಅದೇ ಹೊತ್ತಿನಲ್ಲಿ ರಕ್ತದ ಕೆಂಪು ವಸ್ತುವಾದ ಹೀಮೊಗ್ಲೋಬಿನ್ ಸಹ ಬದಲಾಗುತ್ತದೆಂಬುದು ಅನೇಕರಿಗೆ ತಿಳಿಯದು.

ಆಮ್ಲಜನಕವನ್ನು ಹಿಡಿಯುವುದು, ಅಂಗಾಂಶಗಳಲ್ಲಿ ಬಿಟ್ಟುಕೊಡುವುದು, ಇವೆರಡೂ ಹೀಮೊಗ್ಲೋಬಿನ್ನಿನ ಕಾರ್ಯಗಳು. ಹಿಡಿತ ಬಿಗಿಯಾದರೆ ಬಿಡುವುದು ಕಷ್ಟ. ಸಡಿಲವಾದರೆ ತುಂಬಿಕೊಳ್ಳುವುದು ಕಷ್ಟ. ಅಮೆರಿಕದ ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆಯಲ್ಲಿ ಆಸ್ಟೆನ್ ರಿಗ್ಸ್ ಈ ಹಿಡಿತವನ್ನು ಅಳೆದು 1951ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗೊದಮೊಟ್ಟೆಯ ಹೀಮೊಗ್ಲೋಬಿನ್ ಅರ್ಧದಷ್ಟು ತುಂಬಲು ಆಮ್ಲಜನಕದ ಒತ್ತಡ ಪಾದರಸದ ಸುಮಾರು 5 ಮಿಲಿಮೀಟರಿನಷ್ಟಿದ್ದರೆ ಸಾಕು. ಕಪ್ಪೆಯದಕ್ಕೆ ಸುಮಾರು 13 ಬೇಕು.

ಇದಕ್ಕೆ ಕಾರಣವನ್ನು ಊಹಿಸುವುದು ಕಠಿಣವಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿದೆ. ಒಂದು ಲೀಟರ್ ನೀರಿನಲ್ಲಿ ಹತ್ತು ಮಿಲಿಲೀಟರೂ ಇರದು. ನಿಂತ ಕೊಳದಲ್ಲಿ ಅದು ಇನ್ನೂ ಕಡಿಮೆ. ಅಲ್ಲಿ ಬದುಕಲು ಬಿಗಿ ಹಿಡಿತ ಬೇಕು. ಇನ್ನೊಂದು ಭೇದವೂ ಉಂಟು. ಆಮ್ಲತೆ ಹೆಚ್ಚಿದಾಗ ಕಪ್ಪೆಯ ಹೀಮೊಗ್ಲೋಬಿನ್ ತನ್ನ ಹಿಡಿತವನ್ನು ಸಡಿಲಿಸುತ್ತದೆ. ಇದಕ್ಕೆ ಬೋರ್ ಪರಿಣಾಮವೆಂದು ಹೆಸರು. ದುಡಿಯುವ ಸ್ನಾಯುವಿಗೆ ಇದರಿಂದ ಲಾಭ. ಗೊದಮೊಟ್ಟೆಯಲ್ಲಿ ಈ ಗುಣ ಬಹಳ ಅಲ್ಪ. ಇಂಗಾಲದ ಡೈ ಆಕ್ಸೈಡ್ ತುಂಬಿದ ಕೊಳದ ನೀರಿನಲ್ಲಿ ಈ ಗುಣವಿದ್ದರೆ ಕಿವಿರಿನಲ್ಲಿಯೇ ಹಿಡಿತ ತಪ್ಪೀತು!

ಬದಲಾವಣೆಗೆ ಪ್ರೇರಕವು ಥೈರಾಯಿಡ್ ಗ್ರಂಥಿಯ ಸ್ರಾವ. ಹೀಮೊಗ್ಲೋಬಿನ್ನಿನಲ್ಲಿ ಕಬ್ಬಿಣವಿರುವ ಹೀಮ್ ಭಾಗ ಎರಡರಲ್ಲಿಯೂ ಒಂದೇ. ಬೇರೆಯಾಗುವುದು ಪ್ರೋಟೀನ್ ಸರಪಳಿಗಳು. ಹಳೆಯ ಸರಪಳಿಗಳ ಜೀನ್‌ಗಳು ಮೌನವಾಗಿ, ಹೊಸವುಗಳ ಜೀನ್‌ಗಳು ಕಾರ್ಯಾರಂಭ ಮಾಡುತ್ತವೆ.

ಮನುಷ್ಯರಾದ ನಾವೂ ಇಂಥ ಬದಲಾವಣೆಯನ್ನು ದಾಟಿ ಬಂದವರೇ. ಗರ್ಭಸ್ಥ ಶಿಶುವಿನ ಹೀಮೊಗ್ಲೋಬಿನ್ ತಾಯಿಯದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ; ಜನನಾನಂತರ ಕೆಲವು ತಿಂಗಳುಗಳಲ್ಲಿ ವಯಸ್ಕರ ಬಗೆಯದು ಅದರ ಸ್ಥಾನವನ್ನು ಪಡೆಯುತ್ತದೆ. ಕುಡಗೋಲುಕಣ ರೋಗದ ದೋಷವಿರುವುದು ಈ ವಯಸ್ಕ ಬಗೆಯಲ್ಲಿ. ಆದುದರಿಂದಲೇ ನವಜಾತ ಶಿಶುವಿನಲ್ಲಿ ರೋಗಲಕ್ಷಣಗಳು ಕಾಣವು. ಶಿಶು ಬಗೆಯ ಹೀಮೊಗ್ಲೋಬಿನ್ನನ್ನು ಮತ್ತೆ ಹೆಚ್ಚಿಸುವ ಜೀನ್ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಗೊದಮೊಟ್ಟೆಯಲ್ಲಿ ನಿಸರ್ಗವು ತಾನಾಗಿ ಮಾಡುವ ಬದಲಾವಣೆಯನ್ನು ವೈದ್ಯರು ಮನುಷ್ಯನಲ್ಲಿ ಹಿಂದಕ್ಕೆ ತಿರುಗಿಸಲು ಕಲಿತಿದ್ದಾರೆ.