ಒಂದು ಚೊಂಬು ನೀರಿನ ಲೆಕ್ಕ

ಬೇಸಿಗೆ ಬಂತೆಂದರೆ ನಮ್ಮ ಆತಗೂರು ಹೋಬಳಿ ಕಡೆ ರಸ್ತೆ ಬದಿಯಲ್ಲಿ ಮಣ್ಣಿನ ಹರವಿ ಇಟ್ಟು ಅರವಟ್ಟಿಗೆ ಮಾಡುವುದುಂಟು. ಬಾಯಾರಿದ ಸಣ್ಣವನೊಬ್ಬನಿಗೆ ತಣ್ಣೀರು ಕೊಟ್ಟರೂ ಅದು ಲೆಕ್ಕಕ್ಕೆ ಬರುತ್ತದೆ ಎಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಆ ಲೆಕ್ಕದಲ್ಲಿ ಪಾಸಾಗುವ ಸೂತ್ರಗಳಿವು. ನೀವು ಚರ್ಚಿಗೆ ಹೋಗುವವರೋ ಮಾದಪ್ಪನ ಬೆಟ್ಟಕ್ಕೆ ಹೋಗುವವರೋ, ಇಲ್ಲಿ ಕೇಳುವವರಿಲ್ಲ.

1. ಕೈಯಲ್ಲಿರುವುದರಿಂದಲೇ ಶುರುಮಾಡಿ. ಮಂಗಳೂರಿನಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಶುರುಮಾಡಿದ್ದು ಬಡವರಿಗೆ ಹೋಮಿಯೋಪತಿ ಗುಳಿಗೆ ಹಂಚುವ ಕೆಲಸ, ಅಷ್ಟೆ. 1890ಕ್ಕೆ ಕುಷ್ಠರೋಗಿಗಳಿಗೆ ನೆಲೆಯಾಯಿತು. ಇವತ್ತು ಕಂಕನಾಡಿಯಲ್ಲಿ ಮೆಡಿಕಲ್ ಕಾಲೇಜೇ ಇದೆ. ಮೊದಲು ಕಟ್ಟಡ, ಆಮೇಲೆ ಸೇವೆ ಅಂದಿದ್ದರೆ ಎರಡೂ ಆಗುತ್ತಿರಲಿಲ್ಲ.

2. ಬಗ್ಗಿ. ನೆಂಟರು ಬಂದರೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮ ರೂಢಿ. ಚೊಂಬು ಕೈಗಿತ್ತು ಪಕ್ಕಕ್ಕೆ ಸರಿಯುತ್ತೇವೆ. ತೊಳೆದುಕೊಳ್ಳುವುದು ಅವರ ಪಾಡು. ಯೇಸು ಕೊನೆಯ ಊಟದ ರಾತ್ರಿ ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿ, ಶಿಷ್ಯರ ಕಾಲನ್ನು ತಾನೇ ತೊಳೆದು ಒರೆಸಿದ. ಆಗ ಅದು ಆಳಿನ ಕೆಲಸ. ಅದೇ ರಾತ್ರಿ ಹಿಡಿದುಕೊಡಲಿದ್ದ ಯೂದನೂ ಆ ಪಂಕ್ತಿಯಲ್ಲಿದ್ದ. ಪವಿತ್ರ ಗುರುವಾರ ಚರ್ಚಿನಲ್ಲಿ ಗುರುಗಳು ಈಗಲೂ ಕಾಲು ತೊಳೆಯುತ್ತಾರೆ. ನನ್ನದೊಂದು ತಕರಾರಿದೆ: ಅಲ್ಲಿ ಕೂರುವವರು ಮನೆಯಲ್ಲೇ ಕಾಲುಜ್ಜಿಕೊಂಡು ಬಂದಿರುತ್ತಾರೆ. ಕಬ್ಬಿನ ಗದ್ದೆಯಿಂದ ನೇರ ಎದ್ದುಬಂದ ಕಾಲಿಗೆ ಬಗ್ಗುವುದು ಬೇರೆ.

3. ಮಾಡಿಸಿಕೊಳ್ಳುವುದನ್ನೂ ಕಲಿಯಿರಿ. ಇದು ಎರಡನೆಯದಕ್ಕಿಂತ ಕಷ್ಟ. ನನ್ನ ಕಾಲು ನೀವು ತೊಳೆಯುವುದೇ ಎಂದು ಶಿಷ್ಯ ಪೇತ್ರ ಆ ರಾತ್ರಿ ಒಪ್ಪಲಿಲ್ಲ. ನಮ್ಮಜ್ಜಿಯೂ ಹಾಗೇ. ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಒಬ್ಬರು ಬೇಸಿನ್ನಿನಲ್ಲಿ ಬಿಸಿನೀರು ತಂದು, ಬಿರುಕುಬಿಟ್ಟ ಹಿಮ್ಮಡಿ ನೆನೆಸಿ, ಉಗುರು ಕತ್ತರಿಸಲು ಕೂತರು. "ಬ್ಯಾಡ ಕನವ್ವ, ಪಾಪ ಬತ್ತದೆ" ಎಂದು ಅಜ್ಜಿ ಸೀರೆಯೊಳಗೆ ಕಾಲು ಎಳೆದುಕೊಂಡಳು. "ಸುಮ್ನಿರಿ ಅಜ್ಜಿ, ಇನ್ನು ಮೂರೇ ಬೆರಳು" ಅಂದರು ಸಿಸ್ಟರ್. ಊರಿಗೆ ಬಂದ ಮೇಲೆ ಅಜ್ಜಿ ಆಪರೇಷನ್ ವಿಷಯ ಯಾರಿಗೂ ಹೇಳಲಿಲ್ಲ. ಉಗುರಿನ ವಿಷಯ ಬೀದಿಗೆಲ್ಲ ಹೇಳಿದಳು.

4. ನಿಮಗೆ ಕೊಡಬೇಕೆನಿಸಿದ್ದಲ್ಲ, ಅವರಿಗೆ ಬೇಕಾದ್ದು. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಫ್ರಾನ್ಸಿನ ಪಾದ್ರಿ ಅಬ್ಬೆ ದುಬ್ವಾ ಬಂದರು. ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು, ಸಿಡುಬಿಗೆ ದೇವಿ ಹಾಕಿಸಲು ಊರೂರಲ್ಲಿ ಜನರನ್ನು ಒಪ್ಪಿಸಿದರು. ಅಮ್ಮ ಎಂದು ಕೈಮುಗಿಯುತ್ತಿದ್ದ ರೋಗಕ್ಕೆ ತೋಳು ಚುಚ್ಚಿಸಿಕೊಳ್ಳಿ ಎನ್ನುವುದು ಸುಲಭವಲ್ಲ. 1823ರಲ್ಲಿ ದೇಶ ಬಿಟ್ಟರು; ಈ ದೇಶದಲ್ಲಿ ಮತಾಂತರದ ಪ್ರಯತ್ನ ಫಲಿಸುವುದಿಲ್ಲ ಎಂದು ಅದೇ ವರ್ಷ ಪುಸ್ತಕದಲ್ಲಿ ತಾವೇ ಬರೆದರು. ದೇವಿ ಹಾಕಿಸಿದ್ದು ಮಾತ್ರ ವ್ಯರ್ಥವಾಗಲಿಲ್ಲ.

5. ಫೋನು ಜೇಬಿನಲ್ಲಿರಲಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದೆಂಬ ಯೇಸುವಿನ ಮಾತು ಗುಪ್ತದಾನಕ್ಕೆ ಬೆಲೆ ಕೊಡುವ ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ 1906ರಲ್ಲಿ ತೆರೆದ ಆಸ್ಪತ್ರೆಗೆ ಮೇರಿ ಹೋಲ್ಡ್ಸ್‌ವರ್ತ್ ಎಂಬಾಕೆಯ ಹೆಸರಿಟ್ಟರು. ಜನರ ಬಾಯಲ್ಲಿ ಅದು ಬರೀ ಮಿಷನ್ ಆಸ್ಪತ್ರೆ. ಬೋರ್ಡಿನ ಹೆಸರಿನ ಗತಿ ಇಷ್ಟೇ.

6. ಮಿಕ್ಕಿದ್ದನ್ನು ಕೊಡಬೇಡಿ. ಯೇಸು ನೋಡುತ್ತಿದ್ದಂತೆ ದೇವಾಲಯದ ಪೆಟ್ಟಿಗೆಗೆ ಬಡ ವಿಧವೆಯೊಬ್ಬಳು ಹಾಕಿದ್ದು ಎರಡು ಪುಡಿಗಾಸು. ಅವಳ ಹತ್ತಿರ ಇದ್ದದ್ದೇ ಅಷ್ಟು.

7. ಮಾರನೆಯ ದಿನವೂ ಹೋಗಿ. ಅರವಟ್ಟಿಗೆಗೆ ಚಪ್ಪರ ಹಾಕುವ ದಿನ ಮಜ್ಜಿಗೆ, ಪಾನಕ, ಹೂವಿನ ಹಾರ, ಜನವೋ ಜನ. ವಾರ ಕಳೆಯುವಷ್ಟರಲ್ಲಿ ಹರವಿಯ ತಳದಲ್ಲಿ ಪಾಚಿ, ಸರಪಣಿಗೆ ಕಟ್ಟಿದ ಲೋಟದ ಅಂಚಿನಲ್ಲಿ ಜಿಡ್ಡು. ಈ ಸಲ ಉದ್ಘಾಟನೆಗೆ ಬರದಿದ್ದರೂ ಪರವಾಗಿಲ್ಲ. ಎಂಟನೆಯ ದಿನ ಬೆಳಿಗ್ಗೆ ಒಂದು ಹಿಡಿ ತೆಂಗಿನ ನಾರು, ಸ್ವಲ್ಪ ಬೂದಿ, ಒಂದು ಕೊಡ ನೀರು ತನ್ನಿ.