ಮರಳು ನೆಲದ ಶೇಂಗಾ: ಕಾಯಿ ಗಟ್ಟಿಯಾಗಲು ಬೇಕಾದ್ದೇನು?

ಚಳ್ಳಕೆರೆ, ಪಾವಗಡದ ಕಡೆಯ ಮರಳು ಮಿಶ್ರಿತ ಕೆಂಪು ಹೊಲಗಳಲ್ಲಿ ಶೇಂಗಾ ಕಿತ್ತಾಗ ಎಷ್ಟೋ ಸಲ ಹೀಗಾಗುತ್ತದೆ. ಗಿಡ ಹುಲುಸಾಗಿದೆ, ಬುಡದ ತುಂಬ ಕಾಯಿಯೂ ಇದೆ. ಹಿಸುಕಿದರೆ ಒಳಗೆ ಏನೂ ಇಲ್ಲ. ಸಿಕ್ಕ ಬೀಜವನ್ನು ಹೋಳು ಮಾಡಿ ನೋಡಿ. ನಡುವಿನ ಮೊಳಕೆ ಕುಡಿ ಕಪ್ಪಾಗಿದ್ದರೆ ಮಳೆಯನ್ನಷ್ಟೇ ದೂರಬೇಡಿ, ಕ್ಯಾಲ್ಸಿಯಂ ಸಾಲದೆ ಹೋಗಿದೆ.

ಬೇರು ಹೀರಿದ ಕ್ಯಾಲ್ಸಿಯಂ ಎಲೆಗೆ ಏರುತ್ತದೆ, ಅಲ್ಲಿಂದ ಕಾಯಿಗೆ ಇಳಿಯುವುದಿಲ್ಲ. ಕಾಯಿ ತನ್ನ ಸುತ್ತಲಿನ ಮಣ್ಣಿನಿಂದ ಸಿಪ್ಪೆಯ ಮೂಲಕವೇ ಅದನ್ನು ಪಡೆಯಬೇಕು. ಮರಳು ನೆಲದಲ್ಲಿ ಅದು ನಿಲ್ಲದೆ ಮಳೆ ನೀರಿನೊಂದಿಗೆ ಕೆಳಗಿಳಿದು ಹೋಗುತ್ತದೆ. ಆದ್ದರಿಂದ ಬಿತ್ತಿದ 35–40 ದಿನಕ್ಕೆ, ಹೂ ಬಿಟ್ಟು ಸೂಜಿ ಇಳಿಯುವ ಮುನ್ನ, ಎಕರೆಗೆ 200 ಕಿಲೋ ಜಿಪ್ಸಂ ಗಿಡದ ಬುಡಕ್ಕೆ ಹಾಕಿ, ಹದ ನೋಡಿ ಎಡೆಕುಂಟೆ ಹೊಡೆದು ಮಣ್ಣು ಏರಿಸಬೇಕು. ಸೂಜಿ ಮಣ್ಣಿಗಿಳಿದ ಮೇಲೆ ಕುಂಟೆ ಬೇಡವೇ ಬೇಡ.

ಮಳೆಯಾಶ್ರಿತ ಬೆಳೆಗೆ ಎಕರೆಗೆ 10 ಕಿಲೋ ಸಾರಜನಕ, 20 ಕಿಲೋ ರಂಜಕ, 10 ಕಿಲೋ ಪೊಟ್ಯಾಷ್ ಸಾಕು. ಹೆಚ್ಚಿನವರು ಡಿಎಪಿ ಚೀಲಕ್ಕೇ ಕೈ ಹಾಕುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಎಣ್ಣೆ ಅಂಶಕ್ಕೆ ಬೇಕಾದ ಗಂಧಕವೂ ಇಲ್ಲ. ಸೂಪರ್ ಫಾಸ್ಫೇಟಿನಲ್ಲಿ ಎರಡೂ ಇವೆ. 125 ಕಿಲೋ ಸೂಪರ್, 22 ಕಿಲೋ ಯೂರಿಯಾ, 17 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸೇರಿದರೆ ಲೆಕ್ಕ ಸರಿಹೋಗುತ್ತದೆ. ಪೊಟ್ಯಾಷ್ ಅತಿಯಾದರೆ ಕಾಯಿಗೆ ಕ್ಯಾಲ್ಸಿಯಂ ಸಿಗದಂತೆ ಅಡ್ಡಿಯಾಗುತ್ತದೆ. ಕೊಟ್ಟಿಗೆ ಗೊಬ್ಬರ ಮಾತ್ರ ಎಷ್ಟಿದ್ದರೂ ಹಾಕಿ; ಮರಳಿಗೆ ನೀರು, ಗೊಬ್ಬರ ಹಿಡಿದಿಡುವ ಶಕ್ತಿ ಬರುವುದು ಅದರಿಂದಲೇ.

ಇನ್ನು ಅಂತರ. ನೆಲ ಬಡವಾದ್ದರಿಂದ ಗಿಡ ದೂರ ದೂರ ಇರಲಿ ಎಂಬ ಮಾತು ಊರೂರಲ್ಲಿ ಕೇಳುತ್ತೇವೆ. ಗೊಂಚಲು ತಳಿಗೆ ಇದು ತಪ್ಪು ಲೆಕ್ಕ. ತೆಳು ನೆಲದಲ್ಲಿ ಗಿಡ ಹರಡಿ ಜಾಗ ತುಂಬುವುದಿಲ್ಲ, ಖಾಲಿ ಜಾಗಕ್ಕೆ ಕಳೆ ಬರುತ್ತದೆ. ಥ್ರಿಪ್ಸ್ ಹರಡುವ, ಕುಡಿ ಒಣಗಿಸುವ ನಂಜುರೋಗವೂ ವಿರಳ ಬೆಳೆಯಲ್ಲೇ ಹೆಚ್ಚು. ಸಾಲಿನಿಂದ ಸಾಲಿಗೆ 30, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಇದ್ದರೆ ಚದರ ಮೀಟರಿಗೆ 33 ಗಿಡ. ಅದೇ 15 ಸೆಂಟಿಮೀಟರಿಗೆ ಬಿಟ್ಟರೆ 22. ಮೊಳಕೆ ಬಂದ ಮೇಲೆ ನಾಲ್ಕೈದು ಕಡೆ ಒಂದೊಂದು ಮೀಟರ್ ಸಾಲು ಅಳೆದು ಎಣಿಸಿ. ಹತ್ತು ಗಿಡ ಇರಲಿ, ಕಡಿಮೆಯಿದ್ದಲ್ಲಿ ಆ ವಾರದೊಳಗೇ ಬೀಜ ಊರಿ.

ಜಿಪ್ಸಂ ಅನ್ನು ಬಿತ್ತನೆ ಬೀಜದ ಜೊತೆಗೇ ತಂದಿಟ್ಟುಕೊಳ್ಳಿ. ಹೂವಿನ ಹೊತ್ತಿಗೆ ಹುಡುಕಲು ಹೊರಟರೆ ದಿನ ಮೀರಿರುತ್ತದೆ.